ದಾವಣಗೆರೆಯ ಬಿಡಿಎಸ್‌ನಿಂದ ಡಲ್ಲಾಸ್‌ನ ಹೈಜೀನಿಸ್ಟ್ ಕುರ್ಚಿವರೆಗೆ

ಬಿಡಿಎಸ್ ಮುಗಿಸಿ, ಮದುವೆಯಾಗಿ, ಗಂಡನ ಎಚ್‌1 ಕೆಲಸದ ವೀಸಾದ ಜೊತೆ ಸಿಗುವ ಎಚ್‌4 ವೀಸಾದಲ್ಲಿ ಅಮೆರಿಕಕ್ಕೆ ಬಂದು ಮನೆಯಲ್ಲಿ ಕೂತಿರುವ ಹುಡುಗಿಯರಿಂದ ನನಗೆ ಆಗಾಗ ಮೆಸೇಜ್ ಬರುತ್ತದೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಕ್ಕಾ, ಇಲ್ಲಿ ಡೆಂಟಿಸ್ಟ್ ಆಗೋಕೆ ಅಷ್ಟು ದುಡ್ಡಿಲ್ಲ, ಹೈಜೀನಿಸ್ಟ್ ಆಗಬಹುದಾ?" ಹೈಜೀನಿಸ್ಟ್ ಅಂದರೆ ಡೆಂಟಿಸ್ಟ್ ಜೊತೆ ಕೆಲಸ ಮಾಡಿ ಹಲ್ಲು, ವಸಡು ಕ್ಲೀನ್ ಮಾಡುವವರು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಲೈಸೆನ್ಸ್ ಬಂದು, ಕೆಲಸಕ್ಕೂ ಸೇರಿದ್ದೇನೆ. ಎಲ್ಲ ಇನ್ನೂ ನೆನಪಿರುವಾಗಲೇ ಒಂದು ಕಡೆ ಬರೆದು ಹಾಕೋಣ ಅಂತ ಕೂತಿದ್ದೇನೆ. ಇದು ಟೆಕ್ಸಸ್ ಕಥೆ. ಬೇರೆ ರಾಜ್ಯದವರು ನಿಮ್ಮ ರಾಜ್ಯದ ಡೆಂಟಲ್ ಬೋರ್ಡ್ ನಿಯಮ ನೋಡಿಕೊಂಡೇ ಮುಂದೆ ಹೋಗಿ.

ಮೊದಲು, ಡೆಂಟಿಸ್ಟ್ ದಾರಿ ಯಾಕೆ ಬಿಟ್ಟೆ ಅನ್ನೋದು. ನಮ್ಮ ಬಿಡಿಎಸ್ ಇಟ್ಟುಕೊಂಡು ಇಲ್ಲಿ ಡೆಂಟಿಸ್ಟ್ ಆಗಬೇಕಾದರೆ ಐಎನ್‌ಬಿಡಿಇ ಅನ್ನೋ ರಾಷ್ಟ್ರೀಯ ಬೋರ್ಡ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಯಾವುದಾದರೂ ಡೆಂಟಲ್ ಕಾಲೇಜಿನಲ್ಲಿ ಎರಡು ಮೂರು ವರ್ಷದ ಅಡ್ವಾನ್ಸ್‌ಡ್ ಸ್ಟಾಂಡಿಂಗ್ ಕೋರ್ಸ್ (ಹೊರದೇಶದ ಡೆಂಟಿಸ್ಟ್‌ಗಳಿಗೆ ಇರುವುದು) ಮಾಡಬೇಕು. ಫೀಸು, ಖರ್ಚು ಎಲ್ಲ ಸೇರಿ ಎರಡು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಎಚ್‌4ನಲ್ಲಿ ಇರುವವರಿಗೆ ಸರ್ಕಾರದ ಸ್ಟೂಡೆಂಟ್ ಲೋನ್ ಸಿಗುವುದಿಲ್ಲ. ಒಂದೇ ಸಂಬಳದ ಮನೆ, ಊರಲ್ಲಿ ಸೈಟಿನ ಸಾಲ ಬೇರೆ. ಹೈಜೀನಿಸ್ಟ್ ಕೋರ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ. ಉಪಕರಣ, ಪರೀಕ್ಷೆ, ಲೈಸೆನ್ಸ್ ಎಲ್ಲ ಸೇರಿ ನನಗೆ ಇಪ್ಪತ್ತು ಸಾವಿರ ಡಾಲರ್ ಒಳಗೇ ಮುಗಿಯಿತು. ಲೆಕ್ಕ ಹಾಕಿದ ಮೇಲೆ ಯೋಚನೆ ಮಾಡುವುದೇನೂ ಉಳಿಯಲಿಲ್ಲ.

ಮನೆಯವರಿಗೆ ಹೇಳುವುದೇ ಕಷ್ಟವಾಗಿತ್ತು. ಅತ್ತೆ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಮ್ಮಾ, ಡಾಕ್ಟರ್ ಹುಡುಗಿ ಅಂತ ಎಲ್ಲರಿಗೂ ಹೇಳಿದ್ದೀವಿ, ಈಗ ಹಲ್ಲು ಕ್ಲೀನ್ ಮಾಡೋಕೆ ಹೋಗ್ತೀಯಾ?" ಅಂದರು. ಅವರದ್ದೂ ತಪ್ಪಲ್ಲ. ನಮ್ಮಲ್ಲೂ 1948ರ ಡೆಂಟಿಸ್ಟ್ಸ್ ಆಕ್ಟ್‌ನಲ್ಲೇ ಡೆಂಟಲ್ ಹೈಜೀನಿಸ್ಟ್ ಅನ್ನೋ ವೃತ್ತಿ ಇದೆ, ಎರಡು ವರ್ಷದ ಕೋರ್ಸ್ ಇದೆ. ಆದರೆ ಊರ ಕ್ಲಿನಿಕ್ಕುಗಳಲ್ಲಿ ಸ್ಕೇಲಿಂಗ್, ಅಂದರೆ ಹಲ್ಲಿನ ಕಲ್ಲು ತೆಗೆಯುವುದು, ಮಾಡುವವರು ಡಾಕ್ಟರೇ ಆಗಿರುವುದರಿಂದ ಹೈಜೀನಿಸ್ಟ್ ಅಂದರೆ ಯಾರು ಅಂತ ಜನಕ್ಕೆ ಗೊತ್ತಾಗುವ ಸಂದರ್ಭವೇ ಇಲ್ಲ. ಇಲ್ಲಿ ಹಾಗಲ್ಲ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಊರಿನ ಡಾಕ್ಟರ್ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರಿನ್ ನ್ಯೂಮನ್‌ಗೆ ಈ ಕೆಲಸ ಕಲಿಸಿದರು, 1913ರಲ್ಲಿ ಶಾಲೆಯನ್ನೇ ತೆರೆದರು. ಅಂದರೆ ನೂರು ವರ್ಷ ದಾಟಿದ, ಸ್ವಂತ ಲೈಸೆನ್ಸ್ ಇರುವ ವೃತ್ತಿ. ಇದನ್ನೆಲ್ಲ ಅತ್ತೆಗೆ ಹೇಳಿದೆ. ಸಂಬಳ ಎಷ್ಟು ಅಂತ ಹೇಳಿದ್ದು ಹೆಚ್ಚು ಕೆಲಸ ಮಾಡಿತು.

ಒಂದು ವಿಷಯ ಮೊದಲೇ ತಿಳಿದಿರಲಿ. ಬಿಡಿಎಸ್ ಇದೆ ಅಂತ ಇಲ್ಲಿ ನೇರವಾಗಿ ಹೈಜೀನಿಸ್ಟ್ ಮಾಡಿಬಿಡುವುದಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕೋಡಾ (ಡೆಂಟಲ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಹೈಜೀನ್ ಕೋರ್ಸನ್ನು ಮೊದಲಿನಿಂದ ಮಾಡಲೇಬೇಕು. ಫ್ಲೋರಿಡಾ ಇದಕ್ಕೆ ಹೊರತು. ಅಲ್ಲಿ ಹೊರದೇಶದ ಡೆಂಟಲ್ ಡಿಗ್ರಿ ಇಟ್ಟುಕೊಂಡು ಹೈಜೀನ್ ಲೈಸೆನ್ಸ್ ಪರೀಕ್ಷೆಗೆ ಕೂರಲು ದಾರಿ ಇದೆ. ಆದರೆ ಗಂಡನ ಕೆಲಸ ನಾಳೆ ಬೇರೆ ರಾಜ್ಯಕ್ಕೆ ಹೋದರೆ ಆ ಲೈಸೆನ್ಸ್ ಅಲ್ಲಿ ನಡೆಯುತ್ತದಾ ಅಂತ ಕೇಳಿಕೊಂಡು ಹೊರಡಿ. ಎಚ್‌1 ಸಂಸಾರಕ್ಕೆ ಊರು ಬದಲಾಗುವುದು ಹೊಸದೇನಲ್ಲ, ಅಲ್ವಾ?

ಇನ್ನು ಕಾಗದಪತ್ರ. ಕಾಲೇಜಿಗೆ ಅರ್ಜಿ ಹಾಕಲು ಬಿಡಿಎಸ್ ಮಾರ್ಕ್ಸ್ ಕಾರ್ಡುಗಳನ್ನು ವೆಸ್ ಅಥವಾ ಇಸಿಇ ತರಹದ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸಬೇಕು. ಅದಕ್ಕೆ ಇನ್ನೂರು ಡಾಲರ್ ಮೇಲೆ ಬೀಳುತ್ತದೆ. ಟ್ರಾನ್ಸ್‌ಕ್ರಿಪ್ಟ್ ಊರಿನಿಂದ ನೇರವಾಗಿ, ಮುಚ್ಚಿದ ಲಕೋಟೆಯಲ್ಲಿ, ಲಕೋಟೆಯ ಅಂಟಿನ ಮೇಲೆ ಸೀಲು ಸಹಿ ಹಾಕಿಸಿಕೊಂಡು ಬರಬೇಕಿತ್ತು. ನನ್ನ ತಮ್ಮ ಆ ಕಚೇರಿಗೆ ಅಲೆದ. ಒಂದು ದಿನ ಸಹಿ ಹಾಕುವವರು ರಜೆ, ಇನ್ನೊಂದು ದಿನ ಸೀಲು ಇಟ್ಟಿರುವ ಬೀರುವಿನ ಕೀ ಇಲ್ಲ. ನೀವು ಇನ್ನೂ ಊರಲ್ಲೇ ಇದ್ದರೆ, ವಿಮಾನ ಹತ್ತುವ ಮೊದಲೇ ಟ್ರಾನ್ಸ್‌ಕ್ರಿಪ್ಟ್‌ನ ಮೂರ್ನಾಲ್ಕು ಸೆಟ್ ಮಾಡಿಸಿ, ಸಿಲಬಸ್ ಪ್ರತಿಗೂ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮನೆಯವರ ಅರ್ಧ ಓಡಾಟ ತಪ್ಪುತ್ತದೆ.

ಆಮೇಲೆ ಹೆಸರಿನ ತಲೆನೋವು. ಇದು ನಮ್ಮ ಕಡೆಯವರಿಗೇ ಬರುವ ತೊಂದರೆ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರು, ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರೇ ಸರ್‌ನೇಮ್, ಊರಿನ ಹೆಸರು ನಾಪತ್ತೆ. ಇಲ್ಲಿಯವರ ಪ್ರಕಾರ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಕೊನೆಗೆ ಅಪ್ಪ ನೋಟರಿ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ 'ಒನ್ ಅಂಡ್ ದಿ ಸೇಮ್' ಅಫಿಡವಿಟ್ ಮಾಡಿಸಿ ಕಳಿಸಿದರು. "ನೀನು ನೀನೇ ಅಂತ ನಾನು ಬರೆದುಕೊಡಬೇಕಾ ಮಗಳೇ" ಅಂತ ನಗಾಡಿದರು. ಆ ಕಾಗದ ಒಂದೇ ಸಲಕ್ಕೆ ಮುಗಿಯಲಿಲ್ಲ. ಕಾಲೇಜು, ಬೋರ್ಡ್ ಪರೀಕ್ಷೆ, ಲೈಸೆನ್ಸ್, ಎಲ್ಲಾ ಕಡೆ ಕೇಳಿದರು. ಸ್ಕ್ಯಾನ್ ಮಾಡಿ ಫೋನಿನಲ್ಲೇ ಇಟ್ಟುಕೊಂಡಿದ್ದೇನೆ, ಈಗಲೂ ಇದೆ.

ಇಷ್ಟೆಲ್ಲ ಆದ ಮೇಲೆ ಕಾಲೇಜಿನ ಅಡ್ವೈಸರ್ ಮೇಡಂ ನನ್ನ ಫೈಲು ನೋಡಿ, "ನಿಮ್ಮ ಅನಾಟಮಿ, ಮೈಕ್ರೋಬಯಾಲಜಿ ತುಂಬಾ ಹಳೆಯದಾಯಿತು, ಮತ್ತೆ ಮಾಡಬೇಕು" ಅಂದರು. ತುಂಬಾ ಕಾಲೇಜುಗಳಲ್ಲಿ ವಿಜ್ಞಾನದ ವಿಷಯಗಳಿಗೆ ಐದೋ ಏಳೋ ವರ್ಷದ ಗಡುವು ಇರುತ್ತದೆ. ದಾವಣಗೆರೆಯಲ್ಲಿ ನಿಜವಾದ ದೇಹ ಕೊಯ್ದು ಅನಾಟಮಿ ಕಲಿತವಳು, ಇಲ್ಲಿ ಹೈಸ್ಕೂಲ್ ಮುಗಿಸಿ ಬಂದ ಮಕ್ಕಳ ಪಕ್ಕ ಕೂತು ಪ್ಲಾಸ್ಟಿಕ್ ಮಾದರಿ ಬಿಚ್ಚಿ ಜೋಡಿಸಿದೆ. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಈ ವಿಷಯಗಳನ್ನು ಹಗುರ ಮಾಡಬೇಡಿ. ಸೀಟು ಇರುವುದು ಇಪ್ಪತ್ತು ಚಿಲ್ಲರೆ, ಆಯ್ಕೆ ಅಂಕದ ಮೇಲೆ. ಅನಾಟಮಿಯಲ್ಲಿ ಒಂದು ಬಿ ಬಂದರೂ ಹಿಂದೆ ಬೀಳುತ್ತೀರಿ. ಇಂಗ್ಲಿಷ್ ಕಾಂಪೊಸಿಷನ್, ಸೈಕಾಲಜಿ, ಸ್ಪೀಚ್ ಕೂಡ ಕೇಳಿದರು. ಸ್ಪೀಚ್ ಕ್ಲಾಸಿನಲ್ಲಿ ನಾನು ರಾಗಿ ಮುದ್ದೆ ಮಾಡುವುದು ಹೇಗೆ ಅಂತ ಮಾತಾಡಿ ಎ ತಗೊಂಡೆ.

ಫೀಸಿನ ಬಗ್ಗೆ ಒಂದು ಮಾತು. ಟೆಕ್ಸಸ್‌ನಲ್ಲಿ ಎಚ್‌4ನವರೂ ಒಂದು ವರ್ಷ ನೆಲೆಸಿದ ದಾಖಲೆ ತೋರಿಸಿದರೆ ಇನ್-ಸ್ಟೇಟ್ ಫೀಸು ಸಿಗುತ್ತದೆ. ಬಾಡಿಗೆ ಕರಾರಿನಲ್ಲಿ, ಬ್ಯಾಂಕಿನಲ್ಲಿ ನಿಮ್ಮ ಹೆಸರೂ ಇರಲಿ. ಎಲ್ಲ ಗಂಡನ ಹೆಸರಲ್ಲೇ ಇದ್ದರೆ ನೀವು ಇಲ್ಲಿದ್ದೀರಿ ಅಂತ ತೋರಿಸುವುದೇ ಕಷ್ಟ. ಓದಲು ಎಫ್‌1 ಸ್ಟೂಡೆಂಟ್ ವೀಸಾಗೆ ಬದಲಾಗಬೇಕಿಲ್ಲ, ಎಚ್‌4ನಲ್ಲೇ ಓದಬಹುದು.

ವೇಟಿಂಗ್ ಲಿಸ್ಟ್‌ನಲ್ಲಿ ಕೂತು, ಸೀಟು ಸಿಕ್ಕಿದ ಇಮೇಲ್ ಬಂದ ಖುಷಿಯಲ್ಲೇ ಇನ್ನೊಂದು ಪಟ್ಟಿ ಬಂತು: ಲಸಿಕೆಗಳು, ಹೆಪಟೈಟಿಸ್ ಬಿ ಟೈಟರ್ (ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ), ಸಿಪಿಆರ್ ಸರ್ಟಿಫಿಕೇಟ್, ಪೊಲೀಸ್ ದಾಖಲೆ ಪರಿಶೀಲನೆ, ಟಿಬಿ ಪರೀಕ್ಷೆ. ಟಿಬಿ ಬಗ್ಗೆ ಗಮನ ಇರಲಿ. ಚಿಕ್ಕವರಿದ್ದಾಗ ಬಿಸಿಜಿ ಹಾಕಿಸಿಕೊಂಡ ನಮ್ಮಂಥವರಿಗೆ ಕೈಮೇಲೆ ಚುಚ್ಚಿ ನೋಡುವ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ಆಮೇಲೆ ಎದೆ ಎಕ್ಸ್‌ರೇ, ಡಾಕ್ಟರ್ ಚೀಟಿ ಅಂತ ಓಡಾಟ. ಶುರುವಿನಲ್ಲೇ ಕ್ವಾಂಟಿಫೆರಾನ್ ಅನ್ನೋ ರಕ್ತ ಪರೀಕ್ಷೆ ಕೇಳಿ. ಬಿಸಿಜಿಯಿಂದ ಅದಕ್ಕೆ ಗೊಂದಲ ಆಗುವುದಿಲ್ಲ.

ಕೋರ್ಸಿನ ಮೊದಲ ಸೆಮಿಸ್ಟರ್ ಪೂರ್ತಿ ಬರೀ ಕೈ ಕೂರಿಸುವುದು. ನನಗೆ ಸ್ಕೇಲಿಂಗ್ ಬರುತ್ತದೆ ಅಂದುಕೊಂಡು ಹೋಗಿದ್ದೆ. ಊರಿನಲ್ಲಿ ಅಲ್ಟ್ರಾಸಾನಿಕ್ ಹಿಡಿದು ಇಪ್ಪತ್ತು ನಿಮಿಷದಲ್ಲಿ ಒಂದು ಬಾಯಿ ಮುಗಿಸುತ್ತಿದ್ದೆ, ಹೊರಗೆ ಇನ್ನೂ ಹತ್ತು ಜನ ಕಾಯುತ್ತಿರುತ್ತಿದ್ದರು. ಇಲ್ಲಿ ಟೀಚರ್ ಮೊದಲ ದಿನವೇ ನನ್ನ ಉಂಗುರದ ಬೆರಳನ್ನು ಹಲ್ಲಿನ ಮೇಲೆ ಒತ್ತಿ ಕೂರಿಸಿ, "ಇದು ಎದ್ದರೆ ನಿನ್ನ ಅಂಕವೂ ಎದ್ದು ಹೋಗುತ್ತದೆ" ಅಂದರು. ಪ್ರತಿ ಹಲ್ಲಿಗೆ ಆರು ಕಡೆ ಪ್ರೋಬ್ (ಅಳತೆ ಗುರುತಿರುವ ಕಡ್ಡಿ) ಇಳಿಸಿ ವಸಡಿನ ಆಳ ಮಿಲಿಮೀಟರ್‌ನಲ್ಲಿ ಬರೆಯಬೇಕು. ಕಲ್ಲು ಕೆರೆಯುವ ಗ್ರೇಸಿ ಕ್ಯುರೆಟ್‌ಗಳಲ್ಲಿ 11/12 ನಂಬರಿನದು ಹಲ್ಲಿನ ಒಂದು ಪಕ್ಕಕ್ಕೆ, 13/14 ಇನ್ನೊಂದು ಪಕ್ಕಕ್ಕೆ, ಅದಲು ಬದಲಾದರೆ ಅಲ್ಲೇ ನಿಲ್ಲಿಸುತ್ತಾರೆ. ಉಪಕರಣ ಹರಿತ ಮಾಡುವುದನ್ನೂ ನಾವೇ ಮಾಡಬೇಕು. ಕಲ್ಲಿನ ಮೇಲೆ ತೀಡಿ, ಪ್ಲಾಸ್ಟಿಕ್ ಕಡ್ಡಿಗೆ ಒರೆದು ನೋಡಬೇಕು. ಸಣ್ಣಗೆ ಸಿಪ್ಪೆ ಎದ್ದರೆ ಹರಿತವಾಗಿದೆ, ಜಾರಿದರೆ ಇನ್ನೂ ಆಗಿಲ್ಲ. ಹಳೆಯ ಅಭ್ಯಾಸ ಇಲ್ಲದ ಇಪ್ಪತ್ತರ ಹುಡುಗಿಯರು ನನಗಿಂತ ಬೇಗ ಕಲಿತರು.

ಉಪಕರಣದ ಕಿಟ್‌ಗೆ ಮೂರು ಸಾವಿರ ಡಾಲರ್ ದಾಟಿತು, ದೊಡ್ಡದಾಗಿ ತೋರಿಸುವ ಕನ್ನಡಕ, ಅಂದರೆ ಲೂಪ್ಸ್‌ಗೆ, ಇನ್ನೂ ಒಂದೂವರೆ ಸಾವಿರದ ಹತ್ತಿರ. ಲೂಪ್ಸ್‌ನಲ್ಲಿ ಜಿಪುಣತನ ಬೇಡ, ಕುತ್ತಿಗೆ ಉಳಿಯುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಕಾಲೇಜಿನ ಕ್ಲಿನಿಕ್ಕಿಗೆ ಪೇಶೆಂಟ್‌ಗಳನ್ನು ನಾವೇ ಹುಡುಕಿ ತರಬೇಕು! ಅದೂ ಯಾರೋ ಒಬ್ಬರಲ್ಲ. ಕಲ್ಲು, ಅಂದರೆ ಕ್ಯಾಲ್ಕ್ಯುಲಸ್, ಎಷ್ಟಿದೆ ಅಂತ ನೋಡಿ ಪೇಶೆಂಟ್‌ಗಳನ್ನು ದರ್ಜೆ ಮಾಡುತ್ತಾರೆ. ಜಾಸ್ತಿ ಕಲ್ಲು ಇರುವವರು ಇಷ್ಟು ಜನ, ಮಧ್ಯಮದವರು ಇಷ್ಟು, ಮಕ್ಕಳು ಇಷ್ಟು ಅಂತ ಲೆಕ್ಕ ಮುಗಿಸದಿದ್ದರೆ ಪಾಸಿಲ್ಲ. ಇಲ್ಲಿ ಇನ್ಶೂರೆನ್ಸ್ ಇರುವವರು ಆರು ತಿಂಗಳಿಗೊಮ್ಮೆ ಕ್ಲೀನ್ ಮಾಡಿಸಿಕೊಂಡಿರುತ್ತಾರೆ, ಅವರ ಬಾಯಲ್ಲಿ ನಮಗೆ ಬೇಕಾದ್ದು ಏನೂ ಸಿಗುವುದಿಲ್ಲ. ನನ್ನ ಕ್ಲಾಸಿನ ಹುಡುಗಿಯರು ವಾಲ್‌ಮಾರ್ಟ್ ಪಾರ್ಕಿಂಗ್‌ನಲ್ಲಿ ಚೀಟಿ ಹಂಚಿದರು.

ನನ್ನನ್ನು ಉಳಿಸಿದ್ದು ಊರಿನಿಂದ ಬಂದ ಅಪ್ಪ ಅಮ್ಮಂದಿರು. ಬೇಸಿಗೆಗೆ ಮಕ್ಕಳ ಮನೆಗೆ ಬರುತ್ತಾರಲ್ಲ, ಆರು ತಿಂಗಳ ವಿಸಿಟರ್ ವೀಸಾದಲ್ಲಿ? ಅವರಿಗೆ ಇಲ್ಲಿ ಹಲ್ಲಿನ ಇನ್ಶೂರೆನ್ಸ್ ಇರುವುದಿಲ್ಲ, ಹೊರಗೆ ಕ್ಲೀನಿಂಗ್‌ಗೆ ನೂರಾರು ಡಾಲರ್. ಕಾಲೇಜಿನಲ್ಲಿ ತೀರಾ ಕಡಿಮೆ. ಯುಗಾದಿ ಊಟದಲ್ಲಿ ಒಬ್ಬಟ್ಟು ಬಡಿಸುತ್ತಾ, "ಅಂಕಲ್, ಹಲ್ಲು ಕ್ಲೀನ್ ಮಾಡಿಸಿ ಎಷ್ಟು ವರ್ಷ ಆಯ್ತು?" ಅಂತ ಕೇಳುತ್ತಾ ಹೋದೆ. ನಮ್ಮ ಮನೆಯವರಿಗೆ ಮುಜುಗರ. ನನಗೆ ಅಷ್ಟು ಹೊತ್ತಿಗೆ ಮುಜುಗರ ಎಲ್ಲ ಹೋಗಿತ್ತು.

ತುಮಕೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಜೀವನದಲ್ಲಿ ಒಮ್ಮೆಯೂ ಕ್ಲೀನಿಂಗ್ ಆಗಿರಲಿಲ್ಲ. ಊಟ ಆದ ಮೇಲೆ ಎಲೆ ಅಡಿಕೆ, ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ ಪೂರ್ತಿ ಒಂದೇ ಗೋಡೆ. ಕೂತ ತಕ್ಷಣ "ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತಂತಲ್ಲಮ್ಮಾ?" ಅಂದರು. ಅಲ್ಲಾಡಿಸುವುದು ಆ ಕಲ್ಲೇ, ಅದರಿಂದ ವಸಡೂ ಎಲುಬೂ ಕೆಳಗೆ ಸರಿದಿರುತ್ತದೆ, ಅಂತ ಎಕ್ಸ್‌ರೇ ತೋರಿಸಿ ಹೇಳಿದೆ. ಆ ದಿನ ಮೂರು ಗಂಟೆಯಲ್ಲಿ ಕಾಲು ಭಾಗ ಬಾಯಿ ಮಾತ್ರ ಆಯಿತು. ಪ್ರತಿ ಹೆಜ್ಜೆಗೂ ಟೀಚರ್ ಬಂದು ನೋಡಿ ಸಹಿ ಹಾಕಬೇಕು, ಅವರು ಬರುವವರೆಗೆ ಪೇಶೆಂಟ್ ಬಾಯಿ ಮುಚ್ಚಿಕೊಂಡು ಕಾಯಬೇಕು. ಆ ಗೋಡೆಯ ತುಂಡು ಕಳಚಿ ಬಿದ್ದಾಗ ಮೇಷ್ಟ್ರು ನಾಲಿಗೆ ಆಡಿಸಿ ಗಾಬರಿಯಾದರು. "ಸಂದಿ ಬಿದ್ದಿದೆ! ಮುಂಚೆ ಇರಲಿಲ್ಲ." ಕನ್ನಡಿ ಕೊಟ್ಟು, ಅದು ಇಷ್ಟು ದಿನ ಕಲ್ಲು ತುಂಬಿ ಮುಚ್ಚಿಹೋಗಿದ್ದ ಸಂದಿಯೇ ಅಂತ ತೋರಿಸಿದೆ. ಅವರು ನಂಬಿದರೋ ಇಲ್ಲವೋ, ಮುಂದಿನ ಸಲ ಬರುವಾಗ ಪಕ್ಕದ ಅಪಾರ್ಟ್‌ಮೆಂಟಿನ ಬೀಗರನ್ನೂ ಕರೆದುಕೊಂಡು ಬಂದರು.

ಹೀಗೆ ಊರಿನವರನ್ನು ಕರೆದೊಯ್ಯುವವರಿಗೆ ಕೆಲವು ಮಾತು. ಅವರ ಮಾತ್ರೆ ಸ್ಟ್ರಿಪ್‌ಗಳ ಫೋಟೋ ಹಿಂದಿನ ದಿನವೇ ತರಿಸಿಕೊಳ್ಳಿ. ಟೆಲ್ಮಾ, ಇಕೋಸ್ಪ್ರಿನ್, ಗ್ಲೈಕೊಮೆಟ್ ಅಂದರೆ ಇಲ್ಲಿಯ ಟೀಚರ್‌ಗಳಿಗೆ ಗೊತ್ತಾಗುವುದಿಲ್ಲ. ಟೆಲ್ಮಿಸಾರ್ಟನ್, ಆಸ್ಪಿರಿನ್, ಮೆಟ್‌ಫಾರ್ಮಿನ್ ಅಂತ ನೀವೇ ಬರೆದಿಟ್ಟುಕೊಳ್ಳಿ. ಬಿಪಿ ಮಿತಿ ದಾಟಿದರೆ ಕುರ್ಚಿಯಿಂದಲೇ ವಾಪಸ್ ಕಳಿಸುತ್ತಾರೆ. ಹೊಸ ಜಾಗ ಅಂತ ಹೆದರಿದವರಿಗೆ ಬಿಪಿ ಏರುತ್ತದೆ, ಬೆಳಗಿನ ಮಾತ್ರೆ ಬಿಟ್ಟು ಬಂದವರಿಗಂತೂ ಕೇಳುವುದೇ ಬೇಡ. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಮಗನಿಗೆ ಮೀಟಿಂಗ್ ಇರುತ್ತದೆ, ಹಾಗಾಗಿ ಕರೆತಂದು ಬಿಡುವುದೂ ನಿಮ್ಮದೇ ಕೆಲಸ. ಒಬ್ಬರು ತಪ್ಪಿದರೆ ಇನ್ನೊಬ್ಬರು ಸಿದ್ಧ ಇರಬೇಕು. ಖಾಲಿ ಕುರ್ಚಿಯ ಪಕ್ಕ ಗೌನು ಹಾಕಿಕೊಂಡು ನಿಂತು ಅತ್ತ ದಿನವೂ ಇದೆ.

ಒಂದು ನೋವು ಹೇಳದೆ ಮುಂದೆ ಹೋಗಲಾರೆ. ಕಣ್ಣೆದುರಿಗೆ ಹುಳುಕು ಕಾಣುತ್ತಿರುತ್ತದೆ, ಪೇಶೆಂಟ್ ಕೇಳುತ್ತಾರೆ, "ಡಾಕ್ಟರ್ ನೋಡಿ ಹೇಳುತ್ತಾರೆ" ಅನ್ನಬೇಕು. ರೋಗ ಇದೇ ಅಂತ ಹೇಳುವ ಅಧಿಕಾರ ಹೈಜೀನಿಸ್ಟ್‌ಗೆ ಇಲ್ಲ. ಅರಿವಳಿಕೆ ಇಂಜೆಕ್ಷನ್ ಕೂಡ ಹಾಗೆಯೇ. ಊರಿನಲ್ಲಿ ಹಲ್ಲು ಕೀಳಲು ದಿನವೂ ಕೊಡುತ್ತಿದ್ದೆ. ಟೆಕ್ಸಸ್‌ನಲ್ಲಿ 2023ರಲ್ಲಿ ಕಾನೂನು ಬದಲಾಗುವವರೆಗೂ ಹೈಜೀನಿಸ್ಟ್‌ಗಳು ಅದನ್ನು ಕೊಡುವಂತೆಯೇ ಇರಲಿಲ್ಲ, ಈಗಲೂ ಬೇರೆ ತರಬೇತಿ ಸರ್ಟಿಫಿಕೇಟ್ ಬೇಕು. ಮೊದಮೊದಲು ಇದು ಚುಚ್ಚುತ್ತಿತ್ತು, ಈಗ ಕಡಿಮೆಯಾಗಿದೆ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೆಲ್ಲ ಪರೀಕ್ಷೆ ಬರೆದೇ ಬೆಳೆದವರು. ರಾಷ್ಟ್ರೀಯ ಬೋರ್ಡ್ ಪರೀಕ್ಷೆ ಎನ್‌ಬಿಡಿಎಚ್‌ಇಯಲ್ಲಿ 350 ಪ್ರಶ್ನೆ. ಮೊದಲ ಭಾಗದಲ್ಲಿ 200, ಎರಡನೆಯದರಲ್ಲಿ ಎಕ್ಸ್‌ರೇ, ಫೋಟೋ ಕೊಟ್ಟು ಕೇಳುವ 150. ಇಡೀ ದಿನ ಹಿಡಿಯುತ್ತದೆ. ಬಿಡಿಎಸ್‌ನವರಿಗೆ ಪೆಥಾಲಜಿ, ಫಾರ್ಮಕಾಲಜಿ ನೀರು ಕುಡಿದಷ್ಟು ಸುಲಭ. ಸಮುದಾಯ ಆರೋಗ್ಯದ ಭಾಗವನ್ನು ಮಾತ್ರ ಇಲ್ಲಿಯ ಪುಸ್ತಕದಿಂದ ಹೊಸದಾಗಿ ಓದಿ. ಪಾವಗಡ, ಗದಗ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಓದಿ ಬಂದವರು ನಾವು. ಇಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಇರುವಂತೆ ನೀರಿಗೆ ಬೆರೆಸುತ್ತಾರೆ. ಕ್ಲಿನಿಕಲ್ ಪರೀಕ್ಷೆಯನ್ನು ನಾನು ಗೊಂಬೆಯ ತಲೆಯ ಮೇಲೆ ಮಾಡಿದೆ. ಅಂಟಿಸಿದ ಕಲ್ಲು ನಿಜವಾದ ಕಲ್ಲಿನ ತರಹ ಬಿಡುವುದಿಲ್ಲ, ಹಲ್ಲು ಗೀಚಿದರೂ ಅಂಕ ಹೋಗುತ್ತದೆ, ಅದೇ ಕಂಪನಿಯ ಹಲ್ಲಿನ ಸೆಟ್ ತಗೊಂಡು ಅಭ್ಯಾಸ ಮಾಡಿ. ಎರಡೂ ಪರೀಕ್ಷೆ ಸೇರಿ ಎರಡು ಸಾವಿರ ಡಾಲರ್ ಹತ್ತಿರ ಖರ್ಚಾಯಿತು.

ಪಾಸಾದ ಮೇಲೆ ಲೈಸೆನ್ಸ್ ಅರ್ಜಿ. ಬೆರಳಚ್ಚು, ರಾಜ್ಯದ ಕಾನೂನಿನ ಮೇಲೆ ಆನ್‌ಲೈನ್ ಪರೀಕ್ಷೆ, ಸಿಪಿಆರ್, ಜೊತೆಗೆ ಎರಡು ಕೊಕ್ಕೆ. ಮೊದಲನೆಯದು, ಬೇರೆ ಎಲ್ಲಾದರೂ ಹಿಂದೆ ಲೈಸೆನ್ಸ್ ಇತ್ತಾ ಅನ್ನೋ ಪ್ರಶ್ನೆ. ನಮಗೆ ಕರ್ನಾಟಕದ ಡೆಂಟಲ್ ಕೌನ್ಸಿಲ್ ನೋಂದಣಿ ಇರುತ್ತದಲ್ಲ, ಇತ್ತು ಅಂತಲೇ ಬರೆಯಬೇಕು, ಆಗ ನಮ್ಮ ಮೇಲೆ ದೂರಿಲ್ಲ ಅನ್ನೋ ಗುಡ್ ಸ್ಟಾಂಡಿಂಗ್ ಸರ್ಟಿಫಿಕೇಟ್ ಅಲ್ಲಿಂದ ತರಿಸಿ ಅಂತ ಕೇಳಬಹುದು. ಕೊನೆಯ ಸೆಮಿಸ್ಟರ್‌ನಲ್ಲೇ ತರಿಸಿ ಇಟ್ಟುಕೊಳ್ಳಿ, ನೋಂದಣಿ ನವೀಕರಣ ಬಾಕಿ ಇದ್ದರೆ ಮೊದಲು ಅದನ್ನು ಕಟ್ಟಿ. ಎರಡನೆಯದು ಸೋಷಿಯಲ್ ಸೆಕ್ಯುರಿಟಿ ನಂಬರ್. ಎಚ್‌4ನಲ್ಲಿ ಇಎಡಿ ಅನ್ನೋ ಕೆಲಸದ ಅನುಮತಿ ಕಾರ್ಡ್ ಇಲ್ಲದಿದ್ದರೆ ಆ ನಂಬರ್ ಸಿಗುವುದಿಲ್ಲ, ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರದಿದ್ದರೆ ಸಾಮಾನ್ಯವಾಗಿ ಇಎಡಿಯೂ ಇಲ್ಲ. ಇಎಡಿ ಇಲ್ಲದೆ ಲೈಸೆನ್ಸ್ ಬಂದರೂ ಕೆಲಸ ಮಾಡುವಂತಿಲ್ಲ. ಆದ್ದರಿಂದ ಅನಾಟಮಿ ಪುಸ್ತಕ ತೆರೆಯುವ ಮೊದಲು ಗಂಡನ ಆಫೀಸಿನ ವಕೀಲರನ್ನು ಕೇಳಿ, ಐ-140 ಯಾವಾಗ ಹಾಕುತ್ತಾರೆ ಅಂತ. ನಾನು ಎರಡನೇ ವರ್ಷದಲ್ಲಿ ಇಎಡಿಗೆ ಹಾಕಿದ್ದೆ, ಕಾಲೇಜು ಮುಗಿಯುವ ಹೊತ್ತಿಗೆ ಕಾರ್ಡ್ ಕೈಯಲ್ಲಿತ್ತು.

ಕೆಲಸ ಬೇಗ ಸಿಕ್ಕಿತು. ಇಲ್ಲಿ ಹೈಜೀನಿಸ್ಟ್‌ಗಳಿಗೆ ಬೇಡಿಕೆ ಇದೆ, ಸರ್ಕಾರದ ಲೆಕ್ಕದಲ್ಲಿ 2024ರ ಮಧ್ಯಮ ಸಂಬಳ ವರ್ಷಕ್ಕೆ 94,000 ಡಾಲರ್ ಮೇಲೆ. ಆದರೆ ಹೆಚ್ಚಿನವರಿಗೆ ಗಂಟೆ ಲೆಕ್ಕ. 'ವರ್ಕಿಂಗ್ ಇಂಟರ್‌ವ್ಯೂ' ಅಂತ ಒಂದು ದಿನ ಕೆಲಸ ಮಾಡಿಸಿ ನೋಡುತ್ತಾರೆ, ಅದಕ್ಕೂ ದುಡ್ಡು ಕೊಡುತ್ತೀರಾ ಅಂತ ಮೊದಲೇ ಕೇಳಿ. ಪೇಶೆಂಟ್ ಬರದಿದ್ದರೆ ಗಡಿಯಾರ ನಿಲ್ಲಿಸಿ ಮನೆಗೆ ಕಳಿಸುತ್ತೀರಾ ಅಂತಲೂ ಕೇಳಿ. ನಾನು ನೋಡಿದ ಒಂದು ಕ್ಲಿನಿಕ್‌ನಲ್ಲಿ ಹಾಗೆ ಮಾಡುತ್ತಿದ್ದರು, ಒಪ್ಪದೆ ಬಂದೆ. ಈಗಿನ ಕಡೆ ದಿನಕ್ಕೆ ಎಂಟು ಪೇಶೆಂಟ್, ವಾರಕ್ಕೆ ನಾಲ್ಕು ದಿನ. ಸಂಜೆ ಮಣಿಕಟ್ಟು ನೋಯುತ್ತದೆ, ಬಿಸಿನೀರಲ್ಲಿ ಕೈ ಅದ್ದಿ ಕೂರುತ್ತೇನೆ. ಅತ್ತೆ ಈಗ ನೆಂಟರಿಗೆಲ್ಲ "ಸೊಸೆ ಅಲ್ಲೂ ಹಲ್ಲಿನ ಡಾಕ್ಟರೇ" ಅಂತ ಹೇಳುತ್ತಾರೆ, ನಾನು ತಿದ್ದಲು ಹೋಗಿಲ್ಲ.

ಕೊನೆಗೆ ಇಎಡಿ ನವೀಕರಣದ ವಿಷಯ, ಇದನ್ನು ತುಂಬಾ ಜನ ಗಮನಿಸಿಲ್ಲ. ಮೊದಲು ನವೀಕರಣಕ್ಕೆ ಹಾಕಿದರೆ ಹಳೆಯ ಕಾರ್ಡ್ ತಾನಾಗಿ 540 ದಿನದವರೆಗೆ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಆ ಸೌಲಭ್ಯ ತೆಗೆದಿದ್ದಾರೆ. ಹಳೆಯ ಕಾರ್ಡ್ ಮುಗಿಯುವುದರೊಳಗೆ ಹೊಸದು ಬರದಿದ್ದರೆ ಕೆಲಸ ನಿಲ್ಲಿಸಬೇಕು. 180 ದಿನ ಮೊದಲಿನಿಂದ ಅರ್ಜಿ ಹಾಕಲು ಅವಕಾಶ ಇದೆ. ನನ್ನದು ಆ ದಿನಕ್ಕೇ ಹಾಕಬೇಕು ಅಂತ ಫಾರಂ ತುಂಬಿಟ್ಟಿದ್ದೇನೆ, ಫೋಟೋ ಮಾತ್ರ ತೆಗೆಸಬೇಕು. ಕ್ಲಿನಿಕ್ಕಿನ ಡಾಕ್ಟರ್‌ಗೂ ಈಗಲೇ ವಿಷಯ ಹೇಳಿದ್ದೇನೆ, ಕಾರ್ಡ್ ತಡವಾದರೆ ಆ ವಾರಗಳಿಗೆ ಟೆಂಪ್, ಅಂದರೆ ತಾತ್ಕಾಲಿಕ ಹೈಜೀನಿಸ್ಟ್, ನೋಡಿಕೊಳ್ಳುತ್ತಾರಂತೆ.